ಕವರಿನೊಳಗಿನ ಗಿಟಾರು

ವಾದ್ಯಗಳ ಅಂಗಡಿಯೊಂದರಲ್ಲಿ ಎರಡು ಎಲೆಕ್ಟ್ರಿಕ್ ಗಿಟಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದು ವಿದೇಶದ ಹೆಸರಾಂತ ಕಂಪನಿಯದು, ಪ್ಲಾಸ್ಟಿಕ್ ಕವರಿನೊಳಗಿತ್ತು. ಇನ್ನೊಂದನ್ನು ಅದೇ ಮಾದರಿಯಲ್ಲಿ ಊರಿನ ಬೆನೆಡಿಕ್ಟರು ಹಲಸಿನ ಮರದಿಂದ ಕೈಯಾರೆ ಮಾಡಿದ್ದರು. ನುಡಿಸುವವರ ಕೈ ಸೇರಬೇಕೆಂಬುದೊಂದೇ ಅದರ ಆಸೆ.

ಒಂದು ಬೆಳಿಗ್ಗೆ ಮದುವೆ ಬ್ಯಾಂಡಿನ ಹಿಲ್ಡಾಬಾಯಿ ಗಿಟಾರು ಕೊಳ್ಳಲು ಬಂದರು.

“ಹಿಂದೆ ಸರಿ, ನಕಲಿ. ಅಸಲಿ ನಾನು,” ಎಂದಿತು ಕಂಪನಿಯ ಗಿಟಾರು.

“ಹೌದು ಅಣ್ಣಾ, ರೂಪ ನಿಮ್ಮದೇ. ದನಿ ಮಾತ್ರ ನನ್ನದು,” ಎಂದಿತು ಊರಿನ ಗಿಟಾರು.

ಹಿಲ್ಡಾಬಾಯಿ ಕಂಪನಿಯ ಗಿಟಾರಿಗೇ ಕೈ ಚಾಚಿದರು.

“ಕವರು ತೆಗೆಯುವಂತಿಲ್ಲ ಬಾಯಮ್ಮ. ಕೊಂಡ ಮೇಲೆ ನುಡಿಸಿ,” ಎಂದರು ಅಂಗಡಿಯವರು.

“ಕೇಳದೆ ಕೊಳ್ಳಲು ಇದೇನು ಗೋಡೆಗೆ ಹಾಕುವ ಫೋಟೋವೇ?” ಎಂದ ಹಿಲ್ಡಾಬಾಯಿ ಊರಿನ ಗಿಟಾರನ್ನು ಹೆಗಲಿಗೇರಿಸಿ, ಅಂಗಡಿಯ ಆಂಪ್ಲಿಫೈಯರಿಗೆ ಜೋಡಿಸಿ ಮೀಟಿದರು. ಅದು ಮೈದುಂಬಿ ಹಾಡಿತು. ಅಂಗಡಿಯವರ ಕಾಲು ತಾನಾಗಿಯೇ ತಾಳ ಹಾಕತೊಡಗಿತು.

“ಇದನ್ನೇ ಕೊಡಿ.”

ಅವರು ಹೊರಡಲು ತಿರುಗಿದಾಗ ಕಂಪನಿಯ ಗಿಟಾರು ಪಿಸುಗುಟ್ಟಿತು: “ತಂಗೀ, ನನಗೂ ಹಾಡಲು ಬರುತ್ತದಮ್ಮ.”

ಊರಿನ ಗಿಟಾರು ನಕ್ಕು, ತನ್ನ ತಂತಿ ಬಿಗಿಯುವ ಬಿರಡೆಯ ತುದಿಯಿಂದ ಆ ಕವರನ್ನು ಪರ್ರನೆ ಹರಿದು, ಹಾಡುತ್ತಲೇ ಮದುವೆಮನೆಗೆ ಹೊರಟಿತು.