ಬೆನ್ನು ತೋರಿಸದ ಸೈನ್ಯ

"ನಮ್ಮ ಸೈನ್ಯ ಧಾರಾಳವಾಗಿ ಮನೆಗೆ ಬರಲಿ. ಆದರೆ ದಾರಿಯುದ್ದಕ್ಕೂ ವೈರಿಗೆ ನಮ್ಮವರ ಎದೆಯೇ ಕಾಣಬೇಕು. ಒಬ್ಬ ಬೆನ್ನು ತೋರಿಸಿದರೂ ತಲೆ ತೆಗೆಸುತ್ತೇನೆ!" ಎಂದು ಕುಂಕುಮಗಿರಿಯ ಅರಸ ವೀರಕೇಸರಿ ಮೀಸೆ ತಿರುವಿದ.

ಸಭೆಯೆಲ್ಲ ತಲೆದೂಗಿತು. ಅದು ಹೇಗೆ ಸಾಧ್ಯವೆಂದು ಯಾರೂ ಕೇಳಲಿಲ್ಲ.

ಒಂಬತ್ತು ವರ್ಷದ ಹಿಂದೆ ದೂರದ ಬಿಳಿಗಾಡಿನ ರಾಜ ಆ ಮೀಸೆ ಕಂಡು ನಕ್ಕನೆಂದು ಯುದ್ಧ ಶುರುವಾಗಿತ್ತು. ನಕ್ಕವನು ಸತ್ತು ಐದು ವರ್ಷವಾಗಿತ್ತು. ಯುದ್ಧ ಮಾತ್ರ ಗಟ್ಟಿಮುಟ್ಟಾಗಿತ್ತು. ಸೈನ್ಯವನ್ನು ವಾಪಸು ಕರೆಸಬೇಕೋ ಬೇಡವೋ ಎಂಬ ಚರ್ಚೆಗೆ ಅಂದು ನಲವತ್ತನೆಯ ದಿನ.

ಆಸ್ಥಾನದ ವಿದೂಷಕ ತಿಪ್ಪರಸನಿಗೆ ಕೇಳಿ ಕೇಳಿ ಮೈ ಉರಿಯುತ್ತಿತ್ತು. ಅವನ ತಮ್ಮ ಸೋಮರಸ ಆ ಸೈನ್ಯದಲ್ಲೇ ಇದ್ದ. ಇವತ್ತಾದರೂ ಬಂದಾನೆಂದು ತಾಯಿ ದಿನವೂ ಊಟಕ್ಕೆ ಅವನಿಗೂ ಒಂದು ಎಲೆ ಹಾಕುತ್ತಿದ್ದಳು. ಆ ಖಾಲಿ ಎಲೆಯ ಪಕ್ಕ ಕೂತು ತಿಪ್ಪರಸನಿಗೆ ತುತ್ತು ಇಳಿಯುತ್ತಿರಲಿಲ್ಲ.

"ಬರಲೇಕೂಡದು!" ಸೇನಾಪತಿ ರಣಭೈರವ ಗುಡುಗಿದ. ಯುದ್ಧ ಶುರುವಾದಾಗಿನಿಂದ ಅರಮನೆ ಬಿಟ್ಟು ಕದಲದ ವೀರ ಆತ. "ಒಂದು ಹೆಜ್ಜೆ ಹಿಂದಿಟ್ಟರೂ ಅದು ಪಲಾಯನ!"

"ಒಂದೇ ಒಂದು ಹೆಜ್ಜೆಯೂ?" ತಿಪ್ಪರಸ ಕೇಳಿದ.

"ಅರ್ಧ ಹೆಜ್ಜೆಯೂ!"

"ಹಾಗಿದ್ದರೆ ಸರಿ, ಸ್ವಾಮಿ," ಎಂದ ತಿಪ್ಪರಸ.

ಅಷ್ಟರಲ್ಲಿ ಊಟದ ಗಂಟೆಯಾಯಿತು. ಹೋಳಿಗೆಯ ಘಮ ಸಭೆಗೇ ಬಂತು. ಅರಸನ ಎದುರಿನಿಂದ ಹೋಗುವಾಗ ಯಾರೂ ತಿರುಗಬಾರದೆಂಬುದು ಆ ಆಸ್ಥಾನದ ರಿವಾಜು. ಎಲ್ಲರೂ ಕೈಮುಗಿದುಕೊಂಡು ಹಿಂದಹಿಂದಕ್ಕೆ ನಡೆದೇ ಬಾಗಿಲು ದಾಟಬೇಕು. ಎಲ್ಲರಿಗಿಂತ ಮೊದಲು ರಣಭೈರವ ಹಾಗೆ ಹೊರಟ.

"ಹಿಡೀರಿ! ಸೇನಾಪತಿಗಳು ಓಡಿಹೋಗ್ತಿದ್ದಾರೆ!" ತಿಪ್ಪರಸ ಕಿರುಚಿದ.

ಕಾವಲಿನವರು ಗಾಬರಿಯಲ್ಲಿ ಸೇನಾಪತಿಯನ್ನು ತಬ್ಬಿ ಹಿಡಿದರು.

"ಬಿಡ್ರೋ! ಎಲ್ಲಿ ಓಡಿದೆ ನಾನು? ಮುಖ ಪ್ರಭುಗಳ ಕಡೆಗೇ ಇದೆ. ಊಟಕ್ಕೆ ಹೊರಟಿದ್ದೇನೆ, ಎಲೆ ಹಾಕಿದ್ದಾರೆ!"

"ಹೌದಲ್ಲ," ಎಂದ ಅರಸ. "ಇದು ಮರ್ಯಾದೆ. ಇದನ್ನು ಪಲಾಯನ ಅನ್ನುವವನು ಮೂರ್ಖ."

ತಿಪ್ಪರಸ ಕೈಮುಗಿದ. "ಇದೇ ಮಾತನ್ನು ನಮ್ಮ ಸೈನಿಕರಿಗೂ ಬರೆಸಿಬಿಡಿ, ಮಹಾಪ್ರಭು. ಅವರಿಗೂ ಮನೆಯಲ್ಲಿ ಎಲೆ ಹಾಕಿ ಒಂಬತ್ತು ವರ್ಷವಾಯಿತು."

ಅರಸ ಸೇನಾಪತಿಯನ್ನು ನೋಡಿದ, ಬಾಗಿಲನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಓಲೆ ಬರೆಸಿದ.

ಮೂರು ತಿಂಗಳಿಗೆ ಇಡೀ ಸೈನ್ಯ ಬೆಟ್ಟ ಇಳಿದು, ಹೊಳೆ ದಾಟಿ, ಹಿಂದಹಿಂದಕ್ಕೆ ನಡೆದುಕೊಂಡೇ ಊರು ಸೇರಿತು. ಸೋಮರಸ ತನ್ನ ಮನೆಯ ಹೊಸ್ತಿಲು ಎಡವಿ ಅಂಗಾತ ಒಳಗೆ ಬಂದು ಬಿದ್ದ.

ತಾಯಿ ಕಣ್ಣೊರೆಸಿಕೊಂಡಳು. "ಇನ್ನಾದರೂ ಎದ್ದು ಈ ಕಡೆ ತಿರುಗೋ, ಮುಖ ನೋಡಬೇಕು. ಅನ್ನ ಆರ್ತಾ ಇದೆ."