ಬಣ್ಣ ಹತ್ತದ ಗಂಟು

"ಗುರುಗಳೇ, ಇಲ್ಲದ್ದಕ್ಕಾಗಿ ಹಂಬಲಿಸುವುದು ನನಗೆ ಅರ್ಥವಾಗುತ್ತದೆ. ಇರುವುದಕ್ಕಾಗಿ ಹಂಬಲಿಸುವವರು ಯಾರಾದರೂ ಉಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಣ್ಣಗಾರನಿದ್ದ. ಹೆಂಡತಿ ಒಲೆಗೆ ಉರಿ ಹಾಕುತ್ತಿದ್ದಳು, ಅವನು ಹಂಡೆಯಲ್ಲಿ ನೂಲಿನ ಲಡಿ ಅದ್ದುತ್ತಿದ್ದ. ಮೂವತ್ತು ವರ್ಷ ಹೀಗೆ ನಡೆಯಿತು. ಕೆಲಸದ ನಡುವೆ ಅವರಿಗೆ ಮಾತು ಬೇಕಾಗುತ್ತಿರಲಿಲ್ಲ.

ಒಂದು ದಿನ ವೈದ್ಯರು ಅವಳ ಯಕೃತ್ತಿನಲ್ಲಿ ಒಂದು ಗಂಟು ಕಂಡರು. ಅದು ಕ್ಯಾನ್ಸರೋ, ಕೇಡಿಲ್ಲದ್ದೋ ಎಂದು ತಿಳಿಯಲು ರಕ್ತಕ್ಕೆ ಬಣ್ಣದಂಥ ಔಷಧ ಬಿಟ್ಟು ಚಿತ್ರ ತೆಗೆಯಬೇಕೆಂದರು.

ಆಸ್ಪತ್ರೆಯಲ್ಲಿ ಚಿತ್ರ ತೆಗೆಯುವ ಯಂತ್ರದ ಬಳಿ ಲೋಹ ಒಯ್ಯುವಂತಿಲ್ಲ. ಮದುವೆಯಾದಂದಿನಿಂದ ತೆಗೆಯದ ಕಾಲುಂಗುರಗಳನ್ನು ಅವಳು ಸೋಪು ಹಚ್ಚಿ ಬಿಡಿಸಿ ಗಂಡನ ಅಂಗೈಗೆ ಹಾಕಿದಳು.

"ಜೋಪಾನ. ಇವನ್ನೂ ಹಂಡೆಗೆ ಅದ್ದಿಬಿಟ್ಟೀರಿ" ಎಂದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ವೈದ್ಯರ ಮಾತು ಕೇಳಿಸಿತು. "ಗಂಟಿನ ಅಂಚಿಗೆ ಮಾತ್ರ ಬಣ್ಣ ಹತ್ತಿದೆ, ನಡುವೆ ಇಲ್ಲ. ಹತ್ತು ನಿಮಿಷ ಬಿಟ್ಟು ಕಡೆಯ ಚಿತ್ರ ತೆಗೆಯೋಣ."

ಕಟ್ಟು ಬಿಗಿಯಾದರೆ ಲಡಿಯ ನಡುವೆ ಬಣ್ಣ ಹತ್ತುವುದಿಲ್ಲ. ಅದು ಕೆಟ್ಟ ಲಡಿ. ಅಂಥವನ್ನು ಅವನು ಎಷ್ಟೋ ಸಲ ಪಕ್ಕಕ್ಕೆ ಎಸೆದಿದ್ದ. ಇನ್ನು ಯಾರನ್ನೂ ಕೇಳುವುದು ಬೇಡವೆಂದು ಕುಳಿತುಬಿಟ್ಟ.

ಅಂಗೈ ಬಿಚ್ಚಿ ನೋಡಿದ. ಕಾಲುಂಗುರಗಳ ಮೇಲೆ ಮೀನಿನ ಗುರುತಿತ್ತು. ಅದನ್ನು ಅವನು ಅಂದೇ ಮೊದಲು ಕಂಡದ್ದು. ಒಂದು ಉಂಗುರ ಇನ್ನೊಂದಕ್ಕಿಂತ ಹೆಚ್ಚು ಸವೆದಿತ್ತು. ಅದು ಯಾವ ಕಾಲಿನದು, ಅದೇ ಏಕೆ ಸವೆಯಿತು, ಅವನಿಗೆ ತಿಳಿಯದು. ಅವಳನ್ನೇ ಕೇಳಬೇಕು. ಅವಳು ಗೋಡೆಯ ಆಚೆಗಿದ್ದಳು, ಏಳು ಸಮುದ್ರದಾಚೆ ಇದ್ದಂತೆ. ಅವನು ದೇವರಲ್ಲಿ ಅವಳ ಆಯುಷ್ಯ ಬೇಡಲಿಲ್ಲ. ಅವಳು ಒಮ್ಮೆ ಹೊರಗೆ ಬರಲಿ, ಇಷ್ಟು ಕೇಳಿಬಿಡುತ್ತೇನೆ ಎಂದ.

ವೈದ್ಯರು ಬಂದರು. "ಭಯ ಬೇಡ, ಬರೀ ರಕ್ತನಾಳಗಳ ಗಂಟು. ಬಣ್ಣ ನಿಧಾನವಾಗಿ ಅಂಚಿನಿಂದ ನಡುವಿಗೆ ತುಂಬಿ ಅಲ್ಲೇ ನಿಂತಿದೆ. ಕೆಟ್ಟ ಗಂಟು ಸಾಮಾನ್ಯವಾಗಿ ಬೇಗ ಹೀರಿ ಬೇಗ ಬಿಟ್ಟುಬಿಡುತ್ತದೆ" ಎಂದರು.

ಹಿಂದೆಯೇ ಹೆಂಡತಿ ಬಂದಳು. "ಕೊಡಿ. ಎರಡೂ ಇವೆಯಷ್ಟೇ?" ಎಂದು ಕೈ ಚಾಚಿದಳು.

ಅವನು ಕೊಟ್ಟ. ಅವಳು ಬೆಂಚಿನ ಮೇಲೆ ಕುಳಿತು, ಬಗ್ಗಿ, ಒಂದೊಂದನ್ನೇ ತೊಟ್ಟುಕೊಂಡಳು. ಅವನು ಬಾಗಿಲ ಕಡೆ ನೋಡುತ್ತಿದ್ದ.

"ಬೇಗ ನಡಿ, ನೂಲು ನೆನೆಹಾಕಬೇಕು" ಎಂದ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲಾದರೂ ಕೇಳಿದನೇ, ಗುರುಗಳೇ?" ಎಂದ ಶಿಷ್ಯ.

"ಅವಳು ಇನ್ನೂ ಇಪ್ಪತ್ತು ವರ್ಷ ಇದ್ದಳು, ಆಗ ಕೇಳಲಿಲ್ಲ. ಅವನು ಕೇಳುತ್ತಿರುವುದು ಈಗ, ಅವಳು ಇಲ್ಲದಾಗ."