ಒಂಬತ್ತನೇ ಪೊಟ್ಟಣ

ದೇವಸಹಾಯಂ ಮೇಷ್ಟ್ರ ಪ್ರಯೋಗಾಲಯದಲ್ಲಿ ಒಂದೇ ಕಟ್ಟಳೆ: ದಿನಕ್ಕೊಂದು ಪೊಟ್ಟಣ.

ಫ್ರಿಜ್‌ನಲ್ಲಿ ಕುರಿಮಾಂಸದ ಹನ್ನೆರಡು ಪೊಟ್ಟಣ. ದಿನಾ ಒಂದನ್ನು ಕತ್ತರಿಸಬೇಕು, ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆ ಎಂದು ಎಣಿಸಬೇಕು, ಬರೆದಿಡಬೇಕು. ಒಮ್ಮೆ ಕತ್ತರಿಸಿದ್ದನ್ನು ಮಾರನೇ ದಿನ ಮುಟ್ಟುವಂತಿಲ್ಲ. ಗಾಳಿ ಸೋಕಿದ ಮೇಲೆ ಅದರ ಕಥೆಯೇ ಬೇರೆ.

ಕೊನೆಯ ಎಣಿಕೆ ಮುಗಿದ ಮೇಲೆ ಶಿಷ್ಯೆ ನೀಲಗಂಗಾ ಪುಸ್ತಕ ತಂದಿಟ್ಟಳು.

"ಒಂಬತ್ತು ದಿನ ಇಡಬಹುದು ಸರ್. ಹತ್ತನೇ ದಿನ ಮಿತಿ ದಾಟುತ್ತೆ."

ಹೆರಿಗೆ ಆಸ್ಪತ್ರೆಯ ಅಡುಗೆಮನೆಯವರು ಆ ಒಂದು ಮಾತಿಗೇ ಕಾದಿದ್ದರು. ಬಾಣಂತಿಯರ ಸಾರಿಗೆ ಹೋಗುವುದು ಇದೇ ಮಾಂಸ.

ಮೇಷ್ಟ್ರು ಕನ್ನಡಕ ಏರಿಸಿ ಓದಿದರು.

"ಒಂಬತ್ತನೇ ದಿನ ಭಾನುವಾರ ಅಲ್ವೇನಮ್ಮ?"

"ಹೌದು ಸರ್."

"ಅವತ್ತು ನಿಮ್ಮಕ್ಕನ ಸೀಮಂತ. ನೀನು ತಂದುಕೊಟ್ಟ ಹೋಳಿಗೆ ಚೆನ್ನಾಗಿತ್ತು."



ಮೇಷ್ಟ್ರು ಫ್ರಿಜ್ ತೆರೆದು, ಮೂಲೆಯಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಅದರ ಮೇಲೆ ಅವಳದೇ ಕೈಬರಹ: ಒಂಬತ್ತು. ಕತ್ತರಿ ತಾಗಿರಲಿಲ್ಲ.

ಅಯ್ಯೋ ಹುಚ್ಚು ಹುಡುಗಿ! ಸುಳ್ಳು ಬರೆದವಳು ಸಾಕ್ಷಿಯನ್ನು ಅಲ್ಲೇ ಬಿಟ್ಟಿದ್ದಳು.

"ಎಂಟನೇದನ್ನೂ ಹತ್ತನೇದನ್ನೂ ಸರಿಯಾಗೇ ಎಣಿಸಿದ್ದೀನಿ ಸರ್. ನಡುವಿನದ್ದು ಮಾತ್ರ ಅಂದಾಜು. ಹೆಚ್ಚು ಕಡಿಮೆ ಅಷ್ಟೇ ಇರುತ್ತೆ."

"ಹೆಚ್ಚೋ, ಕಡಿಮೆಯೋ?"

ಅವಳು ಕತ್ತರಿ ಕೈಗೆತ್ತಿಕೊಂಡಳು.

"ಈಗಲೇ ಕತ್ತರಿಸಿ ಎಣಿಸಲಾ ಸರ್?"

"ಎಣಿಸು. ಇವತ್ತಿನದು ಸಿಗುತ್ತೆ. ಭಾನುವಾರದ್ದನ್ನು ಎಲ್ಲಿಂದ ತರ್ತೀಯ?"

ನೀಲಗಂಗಾಗೆ ಅಕ್ಕನ ಮುಖ ನೆನಪಾಯಿತು. ಮುಂದಿನ ತಿಂಗಳು ಅಕ್ಕನಿಗೂ ಅದೇ ಆಸ್ಪತ್ರೆ, ಅದೇ ಸಾರು. ನಾಚಿಕೆಯಿಂದ ಕಣ್ಣು ತುಂಬಿತು.

ಅವಳು ಒಂಬತ್ತನೇ ದಿನದ ಸಂಖ್ಯೆ ಹೊಡೆದುಹಾಕಿದಳು. ಪಕ್ಕದಲ್ಲಿ 'ನೋಡಲಿಲ್ಲ' ಎಂದು ಬರೆದು ಸಹಿ ಮಾಡಿದಳು.

"ಈಗ ಆಸ್ಪತ್ರೆಯವರಿಗೆ ಎಷ್ಟು ದಿನ ಅಂತ ಹೇಳಲಿ ಸರ್? ಒಂಬತ್ತನೇ ದಿನವೂ ಮಾಂಸ ಚೆನ್ನಾಗೇ ಇದ್ದಿರಬಹುದು."

"ಇದ್ದಿರಬಹುದು," ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. "ಎಂಟು ಅಂತ ಹೇಳು. ನಾವು ನೋಡದ ದಿನದ್ದನ್ನು ಯಾರೂ ಉಣ್ಣೋದು ಬೇಡ."